ವ್ಯಾನಿಗೆ ಕೀಲೆಣ್ಣೆ

ನನಗೆ ಗೇರು ಹಾಕಲು ಬರುತ್ತದೆ ಅಂದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಅವರ ತಾತನಿಗಿಂತ ನನಗೇ ಚೆನ್ನಾಗಿ ಬರುತ್ತಿತ್ತು ಎಂದು ಒಪ್ಪಲು ಈಗ ನಮ್ಮ ಯಜಮಾನರೂ ಇಲ್ಲ, ಅಲ್ಲವೆಂದು ವಾದ ಹೂಡಲು ಇನ್ಯಾರೂ ಇಲ್ಲ. ಆದ್ದರಿಂದ ನಾನು ಹೇಳಿದ್ದೇ ನಿಜ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷದ ಮಾತು. ಗುತ್ತಲು ಆಗ ಮಂಡ್ಯಕ್ಕೆ ಅಂಟಿಕೊಂಡ ಹಳ್ಳಿ. ನಾನು ಆ ಊರಿನ ಒಂದು ದೊಡ್ಡ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಉಣ್ಣುವ ಬಾಯಿ ಹದಿನೆಂಟು, ಒಲೆ ಒಂದು, ಆ ಒಲೆಗೆ ಯಜಮಾನಿ ನಮ್ಮತ್ತೆ. ನಾನು ಕಾಳು ಬೇಯಿಸಬಹುದು, ಖಾರ ಅರೆಯಬಹುದು, ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳಬಹುದು. ಉಪ್ಪು ಮಾತ್ರ ಹಾಕುವ ಹಾಗಿಲ್ಲ. ಉಪ್ಪಿನ ಮಡಕೆಗೆ ಕೈ ಹಾಕುವವರು ಅತ್ತೆಯೊಬ್ಬರೇ. ನನ್ನ ಕೈಯಲ್ಲಿ ಉಪ್ಪು ಬಿದ್ದ ಸಾರು ಈ ಜನ್ಮದಲ್ಲಿ ಉಣ್ಣುತ್ತೇನೋ ಇಲ್ಲವೋ ಎಂದು ನಾನು ನಿಜವಾಗಿ ಅತ್ತದ್ದುಂಟು. ಕೇಳಿದರೆ ಹುಡುಗಾಟ ಅನ್ನಿಸಬಹುದು. ಒಂದೇ ಒಂದು ಒಲೆ, ಅಂಗೈಯಗಲ ಇದ್ದರೂ ಸರಿ, ನನ್ನದು ಅನ್ನುವುದು ಬೇಕು ಎಂಬುದು ಆಗ ನನ್ನ ಬದುಕಿನ ಏಕೈಕ ಆಸೆಯಾಗಿತ್ತು.

ಆ ಒಲೆ ವ್ಯಾನಿನಲ್ಲಿ ಬಂತು. ಶಿವನಸಮುದ್ರದ ಕರೆಂಟಿನ ಕಾರ್ಖಾನೆಯಲ್ಲಿದ್ದ ಬಿಳಿಯ ಎಂಜಿನಿಯರೊಬ್ಬ ಹೊಳೆ ದಂಡೆಯಲ್ಲಿ ಮೀನು ಹಿಡಿಯುತ್ತ ಮಲಗುವುದಕ್ಕೆಂದು ಹಳೆಯ ವ್ಯಾನೊಂದಕ್ಕೆ ಮರದ ಮೈ ಕಟ್ಟಿಸಿದ್ದ. ಒಳಗೆ ಮಡಚುವ ಎರಡು ಮಂಚ, ಗೋಡೆಗೆ ಒಂದು ಬೀರು, ಮೂಲೆಯಲ್ಲಿ ತಗಡು ಹೊಡೆದ ಕಟ್ಟೆಯ ಮೇಲೆ ಸೀಮೆಎಣ್ಣೆಯ ಪಂಪ್ ಸ್ಟವ್ವು, ಹಿಂದುಗಡೆ ಬಾಗಿಲು, ಬಾಗಿಲಿಗೆ ಎರಡು ಮೆಟ್ಟಿಲು. ಅವನು ಊರಿಗೆ ಹೊರಟಾಗ ಮಾರಿಬಿಟ್ಟ. ನಮ್ಮ ಯಜಮಾನರು ಅಲ್ಲಿ ಯಾವುದೋ ನೆಂಟರ ತಿಥಿಗೆ ಹೋದವರು ತಿಥಿಯ ವಡೆಯನ್ನೂ ವ್ಯಾನನ್ನೂ ಒಟ್ಟಿಗೆ ತಂದರು. ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಬಿಡುತ್ತೇನೆ ಎಂದು ಎಲ್ಲರಿಗೂ ಹೇಳಿದರು. ನಾನು ಒಳಗೆ ಹತ್ತಿ ಆ ಪುಟ್ಟ ಸ್ಟವ್ವನ್ನು ನೋಡಿದೆ. ಇದು ದಿಬ್ಬಣಕ್ಕಲ್ಲ, ನನಗೆ ಎಂದು ಆಗಲೇ ತೀರ್ಮಾನ ಮಾಡಿದೆ.

ಅತ್ತೆ ಅದನ್ನು ಸುತ್ತಿ ಬಂದರು. ಎಮ್ಮೆ ಕೊಳ್ಳುವಾಗ ನೋಡುವ ಹಾಗೆ ಕೆಳಗೆ ಬಗ್ಗಿ ನೋಡಿದರು.

“ಇದೇನ್ಲಾ, ಮನೇನೋ ಗಾಡೀನೋ?” ಅಂದರು ಮಗನಿಗೆ.

“ಎರಡೂವೆ ಕಣವ್ವ.”

“ಎರಡೂ ಅಂದ್ರೆ ಎರಡೂ ಅಲ್ಲ ಅಂತ. ಇಕ್ಕೆ ಒಂದು ಕೊಟ್ಗೆ ಜಾಗ ಬೇರೆ ಕೇಡು.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅತ್ತೆಯ ಎದುರು ಮಾತಾಡದ ಸೊಸೆ ನಾನಲ್ಲ. ಮಾತಾಡಿ ಆಮೇಲೆ ಸೌದೆಮನೆಯಲ್ಲಿ ಕೂತು ನಡುಗುವ ಸೊಸೆ. “ಮದುವೆಯಾಗಿ ಮೂರು ವರ್ಷವಾಯಿತು, ಮಗುವಾಗಲಿಲ್ಲ ಅಂತ ಶಿವನಸಮುದ್ರದ ದೇವರಿಗೆ ಹಣ್ಣುಕಾಯಿ ಹೇಳಿಕೊಂಡಿದ್ದೀರಲ್ಲ, ಇದರಲ್ಲೇ ಹೋಗಿಬರುತ್ತೇವೆ” ಎಂದೆ. ದೇವರ ಹೆಸರು ಹೇಳಿದರೆ ಅತ್ತೆ ಬೇಡವೆನ್ನಲಾರರು, ಅದು ನನಗೆ ಗೊತ್ತಿತ್ತು. ಅವರು ಬೇಡವೆನ್ನಲಿಲ್ಲ. ಷರತ್ತು ಹಾಕಿದರು.

“ಓಗ್ಬುಟ್ಟು ಬನ್ನಿ. ನಾಳೆ ಒಂಟು ನಾಳಿದ್ದು ದೀಪ ಅಚ್ಚೊ ಒತ್ಗೆ ಮನೆ ಮುಂದೆ ಇರ್ಬೇಕು. ಅದ್ರ ಕಾಲ್ಮೇಲೆ ಅದೇ ಬರ್ಬೇಕು. ದಾರೀಲಿ ಕೆಟ್ಟು ಎತ್ತು ಕಟ್ಟಿ ಎಳ್ಕಂಡು ಬಂದ್ರೋ, ಅವತ್ತೇ ಅದುನ್ನ ಕೋಳಿಗೂಡು ಮಾಡುಸ್ತೀನಿ ಕಣ್ಲಾ. ಆ ಮಂಚುದ್ ಮೇಲೆ ಉಂಜ ಮನೀಕತ್ತದೆ.”

ಸುತ್ತ ಇದ್ದ ಹದಿನೈದು ಜನರೂ ನಕ್ಕರು. ನನ್ನ ಮೈದುನ ಆಗಲೇ ಹುಂಜದ ಹಾಗೆ ಕೂಗಿ ತೋರಿಸಿದ. ನಾನು ನಗಲಿಲ್ಲ. ನನ್ನ ಒಲೆಯ ಮೇಲೆ ಕೋಳಿ ಪಿಕ್ಕೆ ಹಾಕುವುದು ಕಣ್ಣಿಗೆ ಕಟ್ಟಿತ್ತು.

ಈಗ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಆ ವ್ಯಾನಿನ ಗೇರಿನ ಕೋಲು ಡ್ರೈವರನ ಬಲಗಡೆ ಇತ್ತು. ಗೇರುಪೆಟ್ಟಿಗೆ ಇದ್ದದ್ದು ನಡುಮಧ್ಯೆ, ನೆಲದ ಕೆಳಗೆ. ಕೋಲಿಗೂ ಪೆಟ್ಟಿಗೆಗೂ ನಡುವೆ ಕಬ್ಬಿಣದ ಒಂದು ಅಡ್ಡ ಸರಳು. ಕೋಲನ್ನು ಪಕ್ಕಕ್ಕೆ ತಳ್ಳಿದರೆ ಆ ಸರಳು ಪಕ್ಕಕ್ಕೆ ಜಾರಬೇಕು, ಹಿಂದೆ ಮುಂದೆ ತಳ್ಳಿದರೆ ತಿರುಗಬೇಕು. ಯಜಮಾನರು ಅಂಗಳದಲ್ಲಿ ಅದನ್ನು ಆಡಿಸಿದಾಗಲೆಲ್ಲ ಕೀಂಯ್ ಅನ್ನುತ್ತಿತ್ತು. ನಾನು ಮದ್ದೂರು ಕಡೆಯ ಹುಡುಗಿ. ನಮ್ಮಪ್ಪನ ಮನೆಯಲ್ಲಿ ನಾಲ್ಕು ಗಾಡಿಗಳಿದ್ದವು, ರೈಲಿನಿಂದ ಇಳಿದ ಸರಕು ಹೊಡೆಯುತ್ತಿದ್ದವು. ಪಯಣದ ಬೆಳಗ್ಗೆ ಕೀಲೆಣ್ಣೆ ಹಾಕದೆ ಗಾಡಿ ಹೊಸಿಲು ದಾಟಿದ್ದು ನಾನು ಕಂಡೇ ಇಲ್ಲ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಅಚ್ಚಿಗೆ ಬಳಿಯುವುದು. ಅದು ಎಣ್ಣೆ ಮಾತ್ರವಲ್ಲ, ಶುಭ ಕೂಡ. ಕೀರಲು ಗಾಡಿಯಲ್ಲಿ ಹೆಣ್ಣು ಕರೆದುಕೊಂಡು ಹೋಗಬಾರದು ಅನ್ನುತ್ತಿದ್ದಳು ನಮ್ಮವ್ವ.

ಹೊರಡುವ ಬೆಳಗ್ಗೆ ಯಜಮಾನರು ಮೀಯುತ್ತಿದ್ದಾಗ ನಾನು ಕೊಟ್ಟಿಗೆಯ ಗೊಟ್ಟ ಇಳಿಸಿಕೊಂಡು ವ್ಯಾನಿನಡಿ ತೆವಳಿದೆ. ಕೀಲು ಕಂಡಲ್ಲೆಲ್ಲ ಬಳಿದೆ. ಕೀಲಿಲ್ಲದ ಕಡೆಯೂ ಒಂದಿಷ್ಟು ಬಳಿದೆ, ಬೇಜಾರು ಮಾಡಿಕೊಳ್ಳದಿರಲಿ ಎಂದು. ಅವರಿಗೆ ಹೇಳಲಿಲ್ಲ. ಹಿಂದಿನ ದಿನವಷ್ಟೇ “ನಿಂಗೇನು ಗೊತ್ತು ಮೋಟ್ರು ಇಚಾರ” ಅಂದಿದ್ದರು. ಕೀರಲು ನಿಂತದ್ದನ್ನು ನೋಡಿ ಅವರೇ ಬೆರಗಾಗಲಿ, ಆಗ ಹೇಳುತ್ತೇನೆ ಎಂದು ಕೈ ತೊಳೆದುಕೊಂಡೆ.

ಬೆರಗಾದರು. ಮದ್ದೂರಿನವರೆಗೂ ಗೇರು ಬೆಣ್ಣೆಯಲ್ಲಿ ಕೈಯಿಟ್ಟಂತೆ ಬೀಳುತ್ತಿತ್ತು. “ನೋಡ್ದಾ, ನನ್ ಕೈ ಗುಣ” ಅಂದರು. ನಾನು ತುಟಿ ಕಚ್ಚಿಕೊಂಡು ಕೂತೆ. ಇನ್ನೊಂದು ಊರು ದಾಟಲಿ, ಆಮೇಲೆ ಹೇಳೋಣ ಅನ್ನಿಸಿತು. ಸ್ಟೇಷನ್ನಿನ ಹತ್ತಿರ ನಿಲ್ಲಿಸಿ ವಡೆ ಕಟ್ಟಿಸಿಕೊಂಡೆವು. ಸೇತುವೆ ದಾಟಿ ಮಳವಳ್ಳಿ ರಸ್ತೆ ಹಿಡಿದೆವು.

ಅಲ್ಲಿಂದ ಶುರುವಾಯಿತು. ಮೊದಲು ಕೋಲು ಬಿಗಿಯಾಯಿತು. ಆಮೇಲೆ ಎರಡು ಕೈ ಬೇಕಾಯಿತು. ದಾರಿಗೆ ಅಡ್ಡ ಬಂದ ಕುರಿಮಂದೆಗೆ ನಿಲ್ಲಿಸಿ ಒಂದನೇ ಗೇರು ಹಾಕಿ ಹೊರಟವರು ಎರಡನೆಯದಕ್ಕೆ ಕೋಲು ಪಕ್ಕಕ್ಕೆ ತಳ್ಳುತ್ತಾರೆ, ಅದು ಕಲ್ಲಿನ ಹಾಗೆ ನಿಂತಿದೆ. ಮುಂದಕ್ಕೆ ತಳ್ಳಿದರೆ ಒಂದನೇ ಗೇರು, ಹಿಂದಕ್ಕೆ ಎಳೆದರೆ ರಿವರ್ಸು. ಎರಡು, ಮೂರು ಇದ್ದ ಸಾಲಿಗೆ ಹೋಗುವುದೇ ಇಲ್ಲ. ಹಾಗೆಯೇ ಒಂದನೇ ಗೇರಿನಲ್ಲಿ ಮಳವಳ್ಳಿ ಕಡೆಗೆ ತೆವಳಿದೆವು. ಎಂಜಿನ್ನು ಹೆರಿಗೆ ನೋವು ತಿನ್ನುವ ಹಾಗೆ ಅರಚುತ್ತಿತ್ತು. ಎಳನೀರು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ ಹೋದವನು ಕನಿಕರದಿಂದ ವಾಪಸು ಬಂದು “ಏನಾರ ಬೇಕಾ ಬುದ್ಧಿ?” ಎಂದು ಕೇಳಿದ. ಎರಡು ಕೆರೆಯ ನೀರನ್ನು ರೇಡಿಯೇಟರಿಗೆ ಕುಡಿಸಿದೆವು.

ಯಜಮಾನರು ಮೊದಲು ಕ್ಲಚ್ಚನ್ನು ಬೈದರು. ಆಮೇಲೆ ಗೇರುಪೆಟ್ಟಿಗೆಯ ಎಣ್ಣೆಯನ್ನು, ಆಮೇಲೆ ಎಂಜಿನಿಯರನನ್ನು, ಕಡೆಗೆ ಅವನ ದೇಶವನ್ನೇ ಬೈದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಚುಚ್ಚಲು ಬಾಯಿ ತೆರೆದೆ, ಯಾಕೋ ಬೆಳಗಿನ ಎಣ್ಣೆಗೊಟ್ಟ ನೆನಪಾಗಿ ಬಾಯಿ ಮುಚ್ಚಿದೆ.

ಮಳವಳ್ಳಿಯಲ್ಲಿ ಬಸ್ಸು ನಿಲ್ಲುವ ಕಡೆ ಹುಣಿಸೆಮರದಡಿ ಒಬ್ಬ ಮಿಸ್ತ್ರಿ ಸಾಹೇಬರಿದ್ದರು. ಅಪ್ಪನ ಕಾಲಕ್ಕೆ ಜಟಕಾ ರಿಪೇರಿ, ಇವರ ಕಾಲಕ್ಕೆ ಮೋಟಾರು. ಒಣಕಲು ದೇಹ, ಮೆತ್ತನೆ ದನಿ. ನಮ್ಮ ಯಜಮಾನರು “ಕ್ಲಚ್ಚು ಹೋಗಿದೆ” ಎಂದು ಖಡಾಖಂಡಿತವಾಗಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕ್ಲಚ್ಚನ್ನು ಮುಟ್ಟಲೂ ಇಲ್ಲ.

“ನೋವು ಕೈಯಾಗದೋ ಒಟ್ಟೆಯಾಗದೋ ಮೊದ್ಲು ನೋಡ್ಬೇಕು ಸ್ವಾಮಿ. ಒಟ್ಟೆ ಕುಯ್ಯದು ಆಮೇಲೆ” ಅಂದರು.

ಕೆಳಗೆ ತೂರಿ, ಬಿಸಿ ಆರುವ ತನಕ ಕಾದು, ಗೇರುಪೆಟ್ಟಿಗೆಯಿಂದ ಸರಳನ್ನು ಬಿಚ್ಚಿದರು. ಪೆಟ್ಟಿಗೆಯ ಕಿವಿಯನ್ನು, ಅಂದರೆ ಸರಳು ಬಂದು ಸೇರುವ ತುಂಡನ್ನು, ಬೆರಳಲ್ಲಿ ಆಡಿಸಿದರು: ಟಕ್, ಟಕ್ ಎಂದು ಎಲ್ಲ ಗೇರೂ ಬಿದ್ದವು. ಹೊಟ್ಟೆ ಚೆನ್ನಾಗಿದೆ, ನೋವು ಕೈಯಲ್ಲೇ. ಈಗ ಒಬ್ಬರು ಮೇಲೆ ಕೂತು ಕೋಲು ಆಡಿಸಬೇಕು, ಇವರು ಕೆಳಗೆ ಮಲಗಿ ಸರಳು ಎಲ್ಲಿ ಹಿಡಿಯುತ್ತದೆಂದು ನೋಡಬೇಕು. ಯಜಮಾನರು ಆಗಲೇ ಸರಳಿನ ಇನ್ನೊಂದು ತುದಿ ಹಿಡಿದು ಕೆಳಗೆ ಮಲಗಿದ್ದರು.

“ತಾಯಿ, ನೀವೇ ಕೂತ್ಕೊಳ್ಳಿ.”

ಸೆರಗು ಬಿಗಿದು ಡ್ರೈವರನ ಜಾಗದಲ್ಲಿ ಕೂತೆ. ಒಂದು ನಿಮಿಷದಲ್ಲಿ ಮಳವಳ್ಳಿ ಅರ್ಧ ಊರು ಮರದಡಿ ಇತ್ತು. ಹೊರಡಬೇಕಿದ್ದ ಬಸ್ಸೊಂದು ಹೊರಡಲಿಲ್ಲ. “ಎಂಗ್ಸು ಮೋಟ್ರು ಬುಡ್ತಾವ್ಳೆ, ಬನ್ರುಲಾ!” ಎಂದು ಯಾರೋ ಕೂಗಿದ. ನಾನು ಕೂತಲ್ಲಿಂದಲೇ “ಅದು ಓಡಿದ್ರೆ ಮೊದ್ಲು ನಿನ್ ಮೇಲೇ ಬುಡ್ತೀನಿ, ಅತ್ರ ಬಾ” ಅಂದೆ. ಜನ ಎರಡು ಹೆಜ್ಜೆ ಹಿಂದೆ ಸರಿದರು.

“ಪಕ್ಕಕ್ಕೆ ತಳ್ಳಿ” ಅನ್ನುತ್ತಿತ್ತು ಕೆಳಗಿನ ದನಿ. ತಳ್ಳಿದೆ, ಜಗ್ಗಲಿಲ್ಲ. “ಮುಂದಕ್ಕೆ.” ತಿರುಗಿತು. “ಪಕ್ಕಕ್ಕೆ.” ಇಲ್ಲ. ಆಮೇಲೆ ಸಾಹೇಬರು ಹೊರಗೆ ತೆವಳಿ ಬಂದರು. ಬೆರಳ ತುದಿಯಲ್ಲಿ ಟಾರಿನಂಥ ಕಪ್ಪು ಅಂಟು. ಮೂಸಿ ನೋಡಿ, ಜನರ ಕಡೆ ತಿರುಗಿ, “ಇದು ಅರಳೆಣ್ಣೆ. ಉಲ್ಲಿನ ಕರಿ ಬೇರೆ. ಮೋಟ್ರುಗೆ ಯಾರು ಆಕ್ದೋರು?” ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನ ಉಗುರು ನೋಡಿಕೊಂಡೆ. ಸಂದಿಯಲ್ಲಿ ಬೆಳಗಿನ ಕರಿ ಇನ್ನೂ ಹಾಗೆಯೇ ಇತ್ತು. ಯಜಮಾನರು ನನ್ನ ಉಗುರನ್ನು ನೋಡಿದರು. ಬಸ್ಸಿನ ಕಿಟಕಿಗಳಿಂದ ಇಪ್ಪತ್ತು ತಲೆಗಳು ನೋಡಿದವು. ನನಗೆ ಅವಮಾನಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ನನ್ನ ಒಲೆಯನ್ನು ನಾನೇ ಕೈಯಾರೆ ಕೋಳಿಗೆ ಕೊಟ್ಟೆನಲ್ಲ ಎಂದು.

“ನಾನೇ” ಅಂದೆ. “ಪಯಣ ಹೊರಟ ಗಾಡಿಗೆ ಹಾಕದೆ ಬಿಡ್ತಾರಾ?”

ಯಜಮಾನರು ಏನೋ ಶುರು ಮಾಡಿದರು. ಸಾಹೇಬರು ಕೈಯೆತ್ತಿ ತಡೆದರು. “ನಮ್ಮಪ್ಪ ಜಟಕಾಗೆ ಇದೇ ಆಕ್ತಿದ್ರು. ಎಣ್ಣೇದು ತಪ್ಪಿಲ್ಲ ತಾಯಿ, ಜಾಗದ್ದು ತಪ್ಪು. ಮೇಲೇ ಒಗೆ ಕೊಳವೆ ಓಗ್ತದೆ, ಬೆಂಕಿ ಬಿಸಿ. ಎಣ್ಣೆ ಕಾದು, ದೂಳು ಕುಡ್ದು, ಅರಗು ಆಗೋಯ್ತು” ಅಂದರು. ಆ ಮಾತಿಗೆ ನಾನು ಅವರನ್ನು ಇವತ್ತಿಗೂ ನೆನೆಯುತ್ತೇನೆ.

ಸೀಮೆಎಣ್ಣೆಯಲ್ಲಿ ತೊಳೆದರು. ಕೀಲೆಣ್ಣೆ ಕರಗಿ ಹೋದ ಮೇಲೆ ಇನ್ನೊಂದು ಬಂಡವಾಳ ಬಯಲಿಗೆ ಬಿತ್ತು. ಸರಳಿನ ತುದಿಯ ತೂತು ಸವೆದು ಅಗಲವಾಗಿ, ಅದರೊಳಗಿನ ಕಂಚಿನ ಬಳೆ ಮಾಯವಾಗಿತ್ತು. ಅಷ್ಟು ದಿನ ಅದು ಕೀಂಯ್ ಅಂದದ್ದು ಎಣ್ಣೆ ಬೇಕೆಂದಲ್ಲ, ಸಾಯುತ್ತಿದ್ದೇನೆಂದು. ನನ್ನ ಅಂಟೇ ಅದನ್ನು ಹಿಡಿದಿಟ್ಟಿತ್ತು! ಈಗ ಕೋಲು ಸಾರಿನೊಳಗಿನ ಸೌಟಿನ ಹಾಗೆ ಎಲ್ಲ ಕಡೆಗೂ ಓಲಾಡಿತು. ಸಾಹೇಬರು ಹಳೆಯ ಜಟಕಾ ಪಟ್ಟಿಯಿಂದ ತೊಗಲು ಕತ್ತರಿಸಿ, ನೆನೆಸಿ, ಸುತ್ತಿ, ತೂತಿಗೆ ಬಿಗಿದು ಮೊಳೆ ತೊಡಿಸಿದರು. “ಇದು ಮನೆ ಮುಟ್ಟುಸ್ತದೆ. ರಿವರ್ಸು ಮಾತ್ರ ಬ್ಯಾಡಿ. ಅದುಕ್ಕೆ ಎಳೆತ ಜಾಸ್ತಿ, ತೊಗಲು ತಡೆಯಾಕಿಲ್ಲ.”

ಬಿಸಿಲು ಇಳಿಯುವ ಹೊತ್ತಿಗೆ ಶಿವನಸಮುದ್ರ ಸೇರಿದೆವು. ದೇವರಿಗೆ ಹಣ್ಣುಕಾಯಿ ಆಯಿತು. ಹೊಳೆಯ ಸದ್ದು ಕೇಳುವ ಕಡೆ ವ್ಯಾನು ನಿಲ್ಲಿಸಿ ನಾನು ಬಾಗಿಲು ಹಾಕಿಕೊಂಡೆ. ಸ್ಟವ್ವು ಹಚ್ಚಿದೆ. ಮುದ್ದೆ ತಿರುವುವಾಗ ಇಡೀ ಮನೆಯೇ ಚಕ್ರದ ಮೇಲೆ ಕುಣಿಯಿತು; ಯಜಮಾನರು ಹೊರಗೆ ನಿಂತು ಗಾಲಿಗೆ ಕಲ್ಲು ಕೊಟ್ಟರು. ಹುರುಳಿಕಾಳಿನ ಸಾರು ಕುದಿಯಿತು. ಉಪ್ಪು ಹಾಕಿದೆ. ಸಂತೋಷದಲ್ಲಿ ಮತ್ತೊಮ್ಮೆ ಹಾಕಿದೆ. ಯಜಮಾನರು ಉಂಡು ಮೂರು ಚೊಂಬು ನೀರು ಕುಡಿದರು. ಎಷ್ಟು ಖುಷಿಯಾಗಿತ್ತೆಂದರೆ, ಬಾಯಿ ಸುಡುವ ಆ ಸಾರನ್ನು ನಾನು ಎರಡನೆಯ ಸಲ ಹಾಕಿಸಿಕೊಂಡೆ.

ಮಾರನೆಯ ದಿನ ವಾಪಸು. ಮಳವಳ್ಳಿ ಆಯಿತು, ಮದ್ದೂರು ಆಯಿತು, ಮಂಡ್ಯವೂ ದಾಟಿತು. ಗುತ್ತಲಿಗೆ ಇನ್ನು ಅರ್ಧ ಮೈಲಿ. ಸೂರ್ಯ ಇನ್ನೂ ಗದ್ದೆಯ ಮೇಲಿದ್ದ. ನಾಲೆ ಏರಿಯ ಇಕ್ಕಟ್ಟು ದಾರಿಯಲ್ಲಿ ಕಬ್ಬಿನ ಗಾಡಿಗಳ ಸಾಲು ಎದುರಿಗೆ ಬಂತು. ಹತ್ತು ಗಾಡಿ ಹಿಂದಕ್ಕೆ ಹೋಗುತ್ತವೆಯೇ? ನಾವೇ ಹೋಗಬೇಕು. ಯಜಮಾನರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ರಿವರ್ಸು ಹಾಕಿದರು. ಹಿಂದೆ ಒಂದು ಕಣದ ಬಯಲಿಗೆ ಸರಿದು ದಾರಿ ಬಿಟ್ಟೆವು. ಗಾಡಿಗಳು ಹೋದವು. ಗೇರು ಬದಲಿಸಲು ಕೋಲಿಗೆ ಕೈ ಹಾಕಿದರೆ ಅದು ಸತ್ತ ಹಾವಿನಂತೆ ಜೋತುಬಿತ್ತು.

ತೊಗಲು ಹರಿದು, ಮೊಳೆ ಎಲ್ಲೋ ಬಿದ್ದುಹೋಗಿತ್ತು. ಗೇರುಪೆಟ್ಟಿಗೆ ರಿವರ್ಸಿನಲ್ಲೇ ಕಚ್ಚಿಕೊಂಡಿತ್ತು. ಯಜಮಾನರು ಕೆಳಗೆ ತೂರಿ ಪೆಟ್ಟಿಗೆಯ ಕಿವಿಗೆ ಕೈ ಹಾಕಿದವರು ಹೊಗೆಕೊಳವೆ ತಾಗಿ ಅಂಗೈ ಸುಟ್ಟುಕೊಂಡು ಹೊರಬಂದರು. ಆರುವ ತನಕ ಕಾದರೆ ದೀಪದ ಹೊತ್ತು ಮೀರುತ್ತದೆ. ಕಡೆಯ ಗಾಡಿಯವನು ನಮ್ಮೂರಿನವನೇ, ನಿಂತು ನೋಡಿದ.

“ಯಾಕ್ ತಲೆ ಕೆಡುಸ್ಕತ್ತೀರಿ. ನನ್ನೆತ್ತ ಬಿಚ್ಕೊಡ್ತೀನಿ, ಕಟ್ಕಂಡು ಓಗಿ. ಯಾರ್ ನೋಡ್ತಾರೆ?”

ಯಜಮಾನರು ಸುಟ್ಟ ಕೈ ಊದಿಕೊಳ್ಳುತ್ತ, “ಊರ ಬಾಗಿಲ ತಂಕ ಕಟ್ಟದು, ಆಮೇಲೆ ಬಿಚ್ಚದು” ಅಂದರು. ನನಗೆ ರೇಗಿತು.

“ಕೋಳಿಗೂಡಲ್ಲಿ ನೀವೇ ಮಲಗಿ. ಒಂದು ಗೇರು ಬದುಕಿದೆಯಲ್ಲ, ಅದರಲ್ಲೇ ನಡೆಯಿರಿ.”

“ಅದು ಹಿಂದಕ್ಕೆ ಹೋಗೋ ಗೇರು ಕಣೇ!”

“ಮನೆ ಕಡೆಗೆ ಹಿಂಭಾಗ ತಿರುಗಿಸಿದರೆ ಹಿಂದಕ್ಕೆ ಹೋದರೂ ಮನೆಗೇ ಹೋಗುತ್ತದೆ.”

ಎಂಜಿನ್ನು ನಿಲ್ಲಿಸಿ, ಕ್ಲಚ್ಚು ಒತ್ತಿ ಹಿಡಿದು, ಗಾಡಿಯವನನ್ನೂ ಸೇರಿಸಿಕೊಂಡು ಕಣದಲ್ಲಿ ಅದನ್ನು ತಳ್ಳಿ ತಿರುಗಿಸಿದೆವು. ಅವನು ಉಸ್ಸಪ್ಪಾ ಎಂದು ತನ್ನ ದಾರಿ ಹಿಡಿದ. ನಾನು ಹಿಂದಿನ ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತು ದಾರಿ ಹೇಳತೊಡಗಿದೆ. ಮೊದಲು ಎಡ ಬಲ ಅಂದೆ, ನನ್ನ ಎಡ ಅವರಿಗೆ ಬಲವಾಗಿ ಒಂದು ಗಾಲಿ ನಾಲೆಗೆ ಇಣುಕಿ ಬಂತು. ಆಮೇಲೆ “ನಾಲೆ ಕಡೆ”, “ಗದ್ದೆ ಕಡೆ” ಎಂದು ಕೂಗಿದೆ. ಅರ್ಧ ಮೈಲಿ ಹಾಗೆಯೇ ನಡೆಯಿತು. ಊರೊಳಗೆ ಹೊಕ್ಕಾಗ ನಾಯಿಗಳಿಗೆ ಕೂಡ ಯಾವ ಕಡೆಯಿಂದ ಬೊಗಳಬೇಕೆಂದು ತಿಳಿಯಲಿಲ್ಲ. ಜನ ಜಗಲಿಗಳಿಂದ ಇಳಿದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಮೆಟ್ಟಿಲ ಮೇಲೆ ಉತ್ಸವಮೂರ್ತಿಯ ಹಾಗೆ ಗಂಭೀರವಾಗಿ ನಿಂತಿದ್ದೆ.

ಅತ್ತೆ ಹೊಸಿಲಲ್ಲಿ ನಿಂತಿದ್ದರು. ದೀಪ ಇನ್ನೂ ಹಚ್ಚಿರಲಿಲ್ಲ. ವ್ಯಾನು ನಿಂತಾಗ ಅದರ ಬಾಗಿಲೂ ನಮ್ಮ ಮನೆ ಬಾಗಿಲೂ ಎದುರುಬದುರಾದವು.

“ಇದು ಲೆಕ್ಕುಕ್ಕಿಲ್ಲ ಕಣವ್ವ” ಎಂದು ಮೈದುನ ಕುಣಿದ. “ಮಕ ಆಕಡೆ ಐತೆ, ಬಂದಿದ್ದು ಈಕಡೆ!”

ಅತ್ತೆ ಗಾಲಿಗಳನ್ನು ನೋಡಿದರು. ನೊಗದ ಹಗ್ಗದ ಗುರುತಿದೆಯೇ ಎಂದು ಮುಂದುಗಡೆ ಹೋಗಿ ನೋಡಿ ಬಂದರು. “ಎತ್ತು ಕಟ್ಬ್ಯಾಡಿ ಅಂದೆ. ಮಕ ಯಾವ್ ಕಡೆ ಇರ್ಬೇಕು ಅಂತ ನಾನೇನೂ ಏಳ್ಲಿಲ್ಲ. ಬುಡು” ಅಂದರು.

ಗೆದ್ದೆ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವರು ಮಂಡಿಯ ಮೇಲೆ ಕೈಯೂರಿ ಎರಡು ಮೆಟ್ಟಿಲು ಹತ್ತಿ ಒಳಗೆ ಬಂದಿದ್ದರು. ಮಂಚದ ಮೇಲೆ ಕೂತರು. ಕಟ್ಟೆ, ಸ್ಟವ್ವು, ಗೂಟಕ್ಕೆ ನೇತುಹಾಕಿದ್ದ ನನ್ನ ಮುದ್ದೆಕೋಲು, ಎಲ್ಲವನ್ನೂ ನಿಧಾನವಾಗಿ ನೋಡಿದರು. ಏನು ಕೊಂಕು ಬರುತ್ತದೋ ಎಂದು ನಾನು ಉತ್ತರ ಸಿದ್ಧ ಮಾಡಿಕೊಂಡು ನಿಂತೆ.

“ಇಟ್ಟು ಐತಾ?” ಅಂದರು. “ಒಂದ್ ಮುದ್ದೆ ಮಾಡು. ಬಿಸೀದು.”

ಸ್ಟವ್ವು ಹಚ್ಚಿದೆ. ಹೊರಗೆ ಹದಿನೈದು ಜನ ಹಸಿದುಕೊಂಡು ನಿಂತಿದ್ದರು. ಅತ್ತೆ ಬಂದು ಉಪ್ಪು ಹಾಕದೆ ಆ ಮನೆಯಲ್ಲಿ ಯಾರಿಗೂ ಊಟವಿಲ್ಲ. ಉಳಿದಿದ್ದ ಸಾರನ್ನು ನೀರು ಬೆರೆಸಿ ಕಾಯಿಸಿದೆ, ಮುದ್ದೆ ಕಟ್ಟಿ ತಟ್ಟೆಗಿಟ್ಟೆ. ಅವರು ಹಬೆಯಾಡುವ ಮುದ್ದೆಯನ್ನು ಮುರಿದು, ಬೆರಳು ಸುಟ್ಟಿತೆಂದು ಕೊಡವಿ, ಮತ್ತೆ ಮುರಿದರು. ಆಗ ನನಗೆ ಹೊಳೆಯಿತು. ಮೂರು ವರ್ಷದಲ್ಲಿ ಅವರು ಉಣ್ಣುವುದನ್ನು ನಾನು ನೋಡಿದ್ದು ಎಲ್ಲರದೂ ಆದ ಮೇಲೆ, ತಳ ಹಿಡಿದ ಪಾತ್ರೆಯ ಎದುರು, ತಣ್ಣಗಾದ ಅರ್ಧ ಮುದ್ದೆಯನ್ನು ನಿಂತುಕೊಂಡೇ ನುಂಗುತ್ತಿದ್ದುದನ್ನು ಮಾತ್ರ. ಅಷ್ಟು ದಿನ ನಾನು ಅವರ ಕೈಯ ಉಪ್ಪನ್ನು ಮಾತ್ರ ನೋಡಿದ್ದೆ. ನನಗೆ ನಾಚಿಕೆಯಾಯಿತು.

“ಬಿಸಿ ಮುದ್ದೆ ಉಂಡು ಎಸ್ಟು ವರ್ಸ ಆಗಿತ್ತೋ” ಅಂದರು ತಟ್ಟೆಗೆ. ಆಮೇಲೆ ನನಗೆ, “ಉಪ್ಪು ಜಾಸ್ತಿ ಕಣಮ್ಮ.”

“ನನ್ನ ಮನೆಯಲ್ಲಿ ಅಷ್ಟೇ” ಅಂದೆ. ಆದರೂ ನೀರಿನ ಚೊಂಬಿಗೆ ಕೈ ಹಾಕಿದೆ.

“ಇರ್ಲಿ, ಇರ್ಲಿ. ಇನ್ನೊಸಿ ಬುಡು.”

ಬಡಿಸಿದೆ. ಹೊರಗೆ ಮೈದುನ ಬಾಗಿಲು ತಟ್ಟಿದ. “ಅವ್ವೋ, ಒಟ್ಟೆ ಅಸೀತದೆ, ಒಳಿಕೆ ಬಾ” ಎಂದು ಕೂಗಿದ.

ಅತ್ತೆ ಬಾಯಲ್ಲಿದ್ದ ತುತ್ತನ್ನು ಅವಸರವಿಲ್ಲದೆ ನುಂಗಿದರು.

“ನೆಂಟ್ರು ಮನೇಲಿವ್ನಿ ಕಣ್ಲಾ. ಉಂಡ್ಕಂಡು ಬತ್ತೀನಿ, ಓಗು.”